ನೀರು ಕೊಡದೆ ಬಿಟ್ಟ ಅಳು

ಲೈಟು ಹಾಗೇ ಇರಲಿ, ಆರಿಸಬೇಡಿ... ಇದು ಎಲ್ಲೋ ಯಾರಿಗೋ ಆದದ್ದಲ್ಲ. ಕಗ್ಗದಾಸಪುರದ ನಮ್ಮ ಕಟ್ಟಡದಲ್ಲೇ, ನಮ್ಮ ತಲೆಯ ಮೇಲಿನ ಮನೆಯಲ್ಲೇ ನಡೆದದ್ದು. ನಡೆದದ್ದು ರುದ್ರಾಣಿಗೆ. ಅವಳೇ ಕೆಳಗಿಳಿದು ಬಂದು, ನಮ್ಮ ಮನೆಯಾಕೆಯ ಮುಂದೆ ಕೂತು, ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಹೇಳಿದ್ದು. ದೆವ್ವ ಕಂಡವರು ಗಡಗಡ ನಡುಗುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ರುದ್ರಾಣಿ ನಡುಗಲಿಲ್ಲ. ಅವಳಿಗೆ ಬಂದದ್ದು ವಾಕರಿಕೆ.

ಅವತ್ತು ಅವಳೂ ಅವಳ ಗಂಡ ಪ್ರಭುಲಿಂಗನೂ ಇಂದಿರಾನಗರದಿಂದ ತಡವಾಗಿ ಬರುತ್ತಿದ್ದರು. ರೈಲ್ವೆ ಗೇಟು ಹಾಕಿತ್ತು. ಆಟೊದವನು ಅಲ್ಲೇ ಇಳಿಸಿ ಹಿಂದಕ್ಕೆ ತಿರುಗಿಸಿಕೊಂಡು ಹೋದ. ಗೂಡ್ಸ್ ಗಾಡಿ ಡಗಡಗ ಅಂತ ಹೋಗಿ ಮುಗಿಯಿತು. ಗೇಟು ದಾಟಿ ಒಳರಸ್ತೆಗೆ ತಿರುಗಿದರೆ ಒಂದು ಆಲದ ಮರ ಸಿಗುತ್ತದಲ್ಲ, ಈ ಊರು ಹಳ್ಳಿಯಾಗಿದ್ದ ಕಾಲದ್ದು? ಅದರ ಪಕ್ಕದಲ್ಲಿ ಬಾವಿ. ಬಾವಿಯ ಬಾಯಿಗೆ ಈಗ ಕಬ್ಬಿಣದ ಜಾಲರಿ ಹೊದಿಸಿದ್ದಾರೆ. ಆದರೇನು, ಜಾಲರಿ ಒಂದು ಕಡೆ ಕಿತ್ತುಬಂದಿದೆ. ಆ ಕಿಂಡಿಯಲ್ಲಿ ಜನ ಮನೆಯ ಕಸವನ್ನೆಲ್ಲ ತುರುಕುತ್ತಾರೆ. ಹಳಸಿದ ಅನ್ನ, ಮಕ್ಕಳ ಡೈಪರು, ಮೀನಿನ ತಲೆ. ಹಗಲಲ್ಲೇ ಅಲ್ಲಿ ಉಸಿರು ಬಿಗಿಹಿಡಿದು ನಡೆಯಬೇಕು.

ಪ್ರಭುಲಿಂಗನ ಹೆಗಲಲ್ಲಿ ಚೀಲ. ಚೀಲದಲ್ಲಿ ಲ್ಯಾಪ್‌ಟಾಪು, ಎರಡು ಸಣ್ಣ ಸ್ಪೀಕರು. ರುದ್ರಾಣಿ ಅವನನ್ನು ಬಿಟ್ಟು ಮುಂದೆ ಮುಂದೆ ನಡೆಯುತ್ತಿದ್ದಳು. ಅವನ ಜೊತೆ ಮಾತು ಬಿಟ್ಟಿದ್ದಳು. ಆದರೆ ಬಾವಿಯ ಹತ್ತಿರ ಬಂದಾಗ ತಾನಾಗೇ ನಿಂತಳು.

"ರೀ..." ಅಂದಳು ಪಿಸುದನಿಯಲ್ಲಿ. "ಲ್ಯಾಪ್‌ಟಾಪ್ ಬಂದ್ ಮಾಡೀರೇನು?"

"ಮಾಡೀನಿ."

"ಮತ್ತ ಇದು?"

"ಯಾವ್ದು?"

"ಕೇಳ್ರಿ..."

ಜಾಲರಿಯ ಕೆಳಗಿನಿಂದ ಬರುತ್ತಿತ್ತು. ಮುದುಕಿಯ ದನಿ. "ಎದ್ದು ಮಾತಾಡೋ ನನ್ನಪ್ಪಾ..." ಅಂತ ಎಳೆದು, ಕೊನೆಯಲ್ಲಿ 'ಹ್ಸ್ಸ್' ಅಂತ ಉಸಿರು ಒಳಗೆ ಎಳೆದುಕೊಳ್ಳುವುದು. ಆಮೇಲೆ ಟಿಕ್. ಮತ್ತೆ ಮೊದಲಿನಿಂದ... "ಎದ್ದು ಮಾತಾಡೋ ನನ್ನಪ್ಪಾ..." ಹ್ಸ್ಸ್... ಟಿಕ್.

ಜೀವ ಇರುವ ಹೆಂಗಸು ಅತ್ತರೆ ನಡುವೆ ಟಿಕ್ ಅನ್ನುವುದಿಲ್ಲ. ಆ ಟಿಕ್ ಇದೆಯಲ್ಲ, ಅದು ಪ್ರಭುಲಿಂಗ ಆ ಅಳುವನ್ನು ಕತ್ತರಿಸಿದ ಜಾಗ. ಇಬ್ಬರಿಗೂ ಅದು ಗೊತ್ತಿತ್ತು.

ಪ್ರಭುಲಿಂಗ ಚೀಲದ ಜಿಪ್ಪು ತೆಗೆದು ನೋಡಿದ. ಲ್ಯಾಪ್‌ಟಾಪು ತಣ್ಣಗಿತ್ತು. ಸ್ಪೀಕರಿನ ವೈರು ಸುತ್ತಿಟ್ಟದ್ದು ಸುತ್ತಿಟ್ಟ ಹಾಗೇ ಇತ್ತು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಂದ ಕಾಲು ಕೀಳುತ್ತಿದ್ದರು. ಈ ಪುಣ್ಯಾತ್ಮ ಏನು ಮಾಡಿದ ಗೊತ್ತೇ? ಜೇಬಿನಿಂದ ಮೊಬೈಲು ತೆಗೆದ. ಆ ನಾತದ ಕಿಂಡಿಯ ಮೇಲೆ ಬಗ್ಗಿ ಅದನ್ನು ಒಳಗೆ ಹಿಡಿದ. ರೆಕಾರ್ಡ್ ಮಾಡಿಕೊಳ್ಳಲು!

"ಸುಮ್ನಿರು, ಉಸಿರ ಬಿಡಬ್ಯಾಡ," ಅಂದ. "ಬಾವಿ ಎಕೋ ಭಾಳ ಛಲೋ ಬರಾಕತ್ತೈತಿ."

ಮೊಬೈಲಿನ ಬೆಳಕಲ್ಲಿ ಅವನ ಮುಖ ನೋಡಿದಳು. ಸಂತೋಷದಿಂದ ಬಾಯಿ ತೆರೆದಿತ್ತಂತೆ. ದೆವ್ವಕ್ಕಿಂತ ಮೊದಲು ನನಗೆ ನನ್ನ ಗಂಡನ ಮೇಲೆ ಹೇಸಿಗೆ ಬಂತು ಅಂತ ಅವಳೇ ಬಾಯಿಬಿಟ್ಟು ಹೇಳಿದಳು.

ಇದೆಲ್ಲ ಏನು ಅಂತ ಹೇಳಿಬಿಡುತ್ತೇನೆ. ಪ್ರಭುಲಿಂಗ, ರುದ್ರಾಣಿ ಇಬ್ಬರೂ ಸಿಂಧನೂರು ಕಡೆಯವರು. ಅವಳು ಕೆ.ಆರ್. ಪುರದಲ್ಲಿ ಒಂದು ಶಾಲೆಯ ಆಫೀಸಿನಲ್ಲಿ ಕೆಲಸಕ್ಕಿದ್ದಾಳೆ. ಅವನಿಗೆ ವಿಮಾನಪುರದ ಹತ್ತಿರ ಒಂದು ಕಂಪನಿಯಲ್ಲಿ ಕೆಲಸ. ಅದು ಹೊಟ್ಟೆಪಾಡಿಗೆ. ಅವನ ಜೀವ ಇದ್ದದ್ದು ಬೇರೆ ಕಡೆ. ಹಳೆಯ ರೆಕಾರ್ಡಿಂಗುಗಳಿಂದ ಅವನು ಸಂಗೀತ ಮಾಡುತ್ತಿದ್ದ. ಸಂಗೀತ ಅಂದರೆ ರಾಗ, ತಾಳ ಅಂದುಕೊಳ್ಳಬೇಡಿ. ಶಿವಾಜಿನಗರದ ಗುಜರಿಗೆ ಹೋಗಿ ರಾಶಿ ಬಿದ್ದ ಕ್ಯಾಸೆಟ್ಟುಗಳನ್ನು ಚೀಲದಲ್ಲಿ ತುಂಬಿಕೊಂಡು ಬರುವುದು. ಅವುಗಳಲ್ಲಿ ಯಾರದೋ ಮದುವೆಯ ಗದ್ದಲ, ಯಾರದೋ ಮಗು ಒಪ್ಪಿಸಿದ ಮಗ್ಗಿ, ದುಬೈಯಿಂದ ಗಂಡ ತನ್ನ ಹೆಂಡತಿಗೆ ದಖನಿ ಉರ್ದುವಿನಲ್ಲಿ ಮಾತಾಡಿ ಕಳಿಸಿದ ಪ್ರೀತಿ. ಅದನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿ, ಕತ್ತರಿಸಿ, ಎಳೆದು, ಹಿಂದುಮುಂದು ಮಾಡಿ, ಒಂದೇ ಚೂರನ್ನು ಮತ್ತೆ ಮತ್ತೆ ತಿರುಗಿಸುವುದು. ಹಾಗೆ ತಿರುಗಿಸುವುದಕ್ಕೆ ಲೂಪ್ ಅನ್ನುತ್ತಾರಂತೆ. ಅದರ ಕೆಳಗೆ ಗುಂಯ್ಯ್ ಅಂತ ಮಷೀನಿನ ಸದ್ದು. ಎಲೆಕ್ಟ್ರಾನಿಕ್, ಎಕ್ಸ್‌ಪೆರಿಮೆಂಟಲ್ ಅಂತೆಲ್ಲ ಹೆಸರು ಹೇಳುತ್ತಿದ್ದ. ಕೆಳಗಿನ ನಮ್ಮ ಮನೆಗೆ ಅದು ಮಿಕ್ಸಿಯೊಳಗೆ ಚಮಚ ಬಿದ್ದ ಹಾಗೆ ಕೇಳಿಸುತ್ತಿತ್ತು.

ರುದ್ರಾಣಿ ಅವನನ್ನು ತಡೆದವಳಲ್ಲ. ಹಲಸೂರು ಮಾರ್ಕೆಟ್ಟಿನ ಕೂಗುಗಳನ್ನೆಲ್ಲ ಸೇರಿಸಿ ಅವನು ಒಂದು ಸಂಗೀತ ಮಾಡಿದ್ದ. ತಮಿಳು, ಉರ್ದು, ಕನ್ನಡ ಎಲ್ಲ ಒಂದರ ಮೇಲೊಂದು ಹತ್ತಿ ಕೊನೆಗೆ ಮಳೆ ಬಂದ ಹಾಗೆ ಆಗುತ್ತಿತ್ತು. ಅದು ಅವಳಿಗೆ ನಿಜವಾಗಿ ಇಷ್ಟವಾಗಿತ್ತು. ನನ್ನ ಗಂಡ ಎಲ್ಲರ ಹಾಗಲ್ಲ ಅಂತ ಹೆಮ್ಮೆಯೂ ಇತ್ತು.

ಕಳೆದ ದೀಪಾವಳಿಗೆ ಊರಿಗೆ ಹೋದವನು ಟ್ರಂಕಿನಿಂದ ಒಂದು ಕ್ಯಾಸೆಟ್ಟು ಎತ್ತಿಕೊಂಡು ಬಂದ. ತಾಯಿಯನ್ನು ಕೇಳಲೂ ಇಲ್ಲ, ಹೇಳಲೂ ಇಲ್ಲ. ಅಲ್ಲಿಂದ ಕೆಟ್ಟಿತು.

ಅವನ ಅಪ್ಪ ಶಿವಪುತ್ರ ತೀರಿಕೊಂಡಾಗ ಪ್ರಭುಲಿಂಗ ತೀರಾ ಸಣ್ಣವನು. ಅವರಲ್ಲಿ ಹೆಣವನ್ನು ಮಲಗಿಸುವುದಿಲ್ಲ. ಚಕ್ಕಳಮಕ್ಕಳ ಹಾಕಿಸಿ, ಗೋಡೆಗೆ ಒರಗಿಸಿ ಕೂರಿಸುತ್ತಾರೆ. ಕತ್ತು ವಾಲಬಾರದು ಅಂತ ತಲೆಗೆ ಬಟ್ಟೆ ಕಟ್ಟಿ ಮೇಲಿನ ಗೂಟಕ್ಕೆ ಬಿಗಿಯುತ್ತಾರೆ. ಎದುರಿಗೆ ಹೆಂಗಸರು ಕೂತು ಹಾಡ್ಯಾಡಿ ಅಳುತ್ತಾರೆ. ಸತ್ತವನ ಒಂದೊಂದು ಗುಣ ಎತ್ತಿ ಹಾಡಿ, ಹಾಡುತ್ತಲೇ ಅಳುವುದು. ಶಿವಪುತ್ರನಿಗೆ ಹಾಗೆ ಅತ್ತವಳು ಅವನ ಹೆತ್ತತಾಯಿ ಜಟ್ಟೆಮ್ಮ, ಪ್ರಭುಲಿಂಗನಿಗೆ ಆಯಿ, ಅಂದರೆ ಅಜ್ಜಿ. ಅವಳ ಇನ್ನೊಬ್ಬ ಮಗ ಬಸಣ್ಣ ಮಿಲಿಟರಿಯಲ್ಲಿ ಎಲ್ಲೋ ಗಡಿಯಲ್ಲಿದ್ದ. ಅಣ್ಣನ ಮಣ್ಣಿಗೆ, ಅಂದರೆ ಹೂಳುವುದಕ್ಕೆ, ಬರಲು ಆಗಲಿಲ್ಲ. ಅವ್ವನ ಅಳುವನ್ನಾದರೂ ಕೇಳಿ ಅವನು ಅಳಲಿ ಅಂತ ಯಾರೋ ಒಂದು ಟೇಪ್‌ರೆಕಾರ್ಡರು ತಂದು ಮೂಲೆಯಲ್ಲಿಟ್ಟರು. ಆ ಕ್ಯಾಸೆಟ್ಟು ಅಂಚೆಯಲ್ಲಿ ಹೋಗಿ, ಬಸಣ್ಣನ ರಜೆಯಲ್ಲಿ ವಾಪಸ್ಸು ಬಂದು, ಟ್ರಂಕು ಸೇರಿತ್ತು. ಜಟ್ಟೆಮ್ಮನೂ ಹೋಗಿ ಎಷ್ಟೋ ಕಾಲವಾಯಿತು.

ಇನ್ನೊಂದು ಮಾತಿದೆ, ಗಮನ ಕೊಟ್ಟು ಕೇಳಿ. ಹಾಡ್ಯಾಡಿ ಅಳುವವಳು ತಾನಾಗೇ ನಿಲ್ಲಿಸುವುದಿಲ್ಲ. ಅವಳಿಗೆ ನಿಲ್ಲಿಸಲು ಬರುವುದೇ ಇಲ್ಲ. ಮನೆಯ ಸೊಸೆಯೋ ಮಗಳೋ ಹತ್ತಿರ ಕೂತು, ಬೆನ್ನಿನ ಮೇಲೆ ಕೈಯಿಟ್ಟು, ಸಾಕು ಮಾಡು ಅಂದು ನೀರು ಕುಡಿಸಬೇಕು. ಸೆರಗಿನಿಂದ ಮುಖ ಒರೆಸಬೇಕು. ಆಗ ಅವಳು ಮೂಗು ಸೀಟಿಕೊಂಡು, ಏನೂ ಆಗದವಳ ಹಾಗೆ, ಮಣ್ಣು ಎಷ್ಟೊತ್ತಿಗೆ ಅಂತ ವಿಚಾರಿಸುತ್ತಾಳೆ. ಅದು ಆ ಕಡೆಯ ರೀತಿ. ನೀರು ಕೊಡದೆ ಅಳುವನ್ನು ಹಾಗೇ ಬಿಡಬಾರದು. ಬದುಕಿರುವವರ ಎದುರು ಕೂತು ಆ ದನಿ ತೆಗೆಯಲೂಬಾರದು. ರುದ್ರಾಣಿಗೆ ಇದು ಗೊತ್ತು. ಪ್ರಭುಲಿಂಗನಿಗೂ ಚೆನ್ನಾಗಿ ಗೊತ್ತು.

ಆ ಕ್ಯಾಸೆಟ್ಟಿನ ಕೊನೆಯಲ್ಲಿ ಅವನ ತಾಯಿ ಲಕ್ಷ್ಮಿದೇವಿಯ ದನಿ ಇತ್ತು. ಗಂಡನ ಹೆಣದ ಎದುರು ಕೂತ ಹೆಂಗಸು, ತನ್ನ ಅಳು ನುಂಗಿಕೊಂಡು, "ಸಾಕು ಮಾಡ್ರಿ ಅತ್ತಿ, ನೀರು ಕುಡೀರಿ" ಅಂದಿದ್ದಳು. ಪ್ರಭುಲಿಂಗ ಅದನ್ನು ಕತ್ತರಿಸಿ ಎಸೆದ.

"ಅವ್ವನ ದನಿ ಯಾಕ ತಗದ್ರಿ?" ಅಂತ ರುದ್ರಾಣಿ ಕೇಳಿದಳು.

"ಅದು ಬಂದ್ರ ಮುಗದುಹೋಗ್ತೈತಿ. ನನಗ ಮುಗೀಬಾರ್ದು. ಆಯಿ ಉಸಿರು ತಗೋತಾಳಲ್ಲ, ಅಲ್ಲಿ ಕಟ್ ಮಾಡಿ ತಿರುಗಿ ಮೊದಲಿಗೆ ತಂದ್ರ... ಅಳು ನಿಲ್ಲೋದಽ ಇಲ್ಲ. ಕೇಳು ಒಂದ್ಸಲ."

"ನಿಮ್ಮ ಆಯಿ ಅಕಿ. ನಿಮ್ಮಪ್ಪಗ ಅತ್ತಾಳ."

"ಅದಽ ಅಂತೀನಿ. ಇಂಥಾ ಸೌಂಡ್ ಎಲ್ಲೂ ಸಿಗಂಗಿಲ್ಲ."

ಕ್ಯಾಸೆಟ್ಟಿನ ಕೊನೆ ಪ್ಲೇಯರಿನಲ್ಲಿ ಸುತ್ತಿಕೊಂಡು ಕಿತ್ತುಹೋಗಿತ್ತು. ಆ ಕಂದು ಪಟ್ಟಿಯನ್ನೆಲ್ಲ ಉಂಡೆ ಮಾಡಿ, ಮೀನಿನ ಮುಳ್ಳು, ಮೊಟ್ಟೆಯ ಸಿಪ್ಪೆ ಇದ್ದ ಕಸದ ಕವರಿಗೆ ಹಾಕಿ, ಆಫೀಸಿಗೆ ಹೋಗುವಾಗ ಬಾವಿಯ ಕಿಂಡಿಯಲ್ಲಿ ತುರುಕಿ ಹೋದ. ಈ ರಸ್ತೆಯವರೆಲ್ಲ ಮಾಡುವುದೇ ಅದು. ನಾವೂ ಮಾಡಿದ್ದೇವೆ, ಸುಳ್ಳೇಕೆ ಹೇಳಲಿ.

ಈಗ ಅವತ್ತಿನ ಇಂದಿರಾನಗರಕ್ಕೆ ಬನ್ನಿ. ಸರ್ವಜ್ಞನಗರದ ಅಲಿಯಾ ಅನ್ನುವ ಹುಡುಗಿ ಇಂಥ ಸಂಗೀತಕ್ಕೆ ಸಂಜೆಗಳನ್ನು ಏರ್ಪಾಡು ಮಾಡುತ್ತಾಳೆ. ಕೆಟ್ಟವಳಲ್ಲ ಪಾಪ. ಒಂದು ಪಬ್ಬಿನ ಮಹಡಿಯಲ್ಲಿ ಜಾಗ. ಜನ ಗ್ಲಾಸು ಹಿಡಿದುಕೊಂಡು, ಮುಂದೆ ಕೋಳಿಯ ತುಂಡುಗಳ ತಟ್ಟೆ ಇಟ್ಟುಕೊಂಡು ಕೂತಿದ್ದರು. ಪ್ರಭುಲಿಂಗ ಗುಂಡಿ ತಿರುಗಿಸಿದ. ಜಟ್ಟೆಮ್ಮ ಅಳತೊಡಗಿದಳು.

ಹೊಲಕ್ಕೆ ಬುತ್ತಿ ಯಾರಿಗೆ ಕಟ್ಟಲಿ ಅಂತ ಆ ಮುದುಕಿ ಎದೆ ಬಡಿದುಕೊಳ್ಳುವ ಸದ್ದು ದಪ್ಪ್... ದಪ್ಪ್... ಅಂತ ದೊಡ್ಡ ಸ್ಪೀಕರಿನಲ್ಲಿ ಬರುತ್ತಿತ್ತು. ಜನ ಆ ಬಡಿತಕ್ಕೆ ಸರಿಯಾಗಿ ತಲೆ ಆಡಿಸುತ್ತಿದ್ದರು. ರುದ್ರಾಣಿಯ ಪಕ್ಕದಲ್ಲಿ ಕೂತಿದ್ದವನು ಮೂಳೆ ಚೀಪುತ್ತಿದ್ದ. ಚುಪ್... ಚುಪ್... ಅವನ ಗಡ್ಡಕ್ಕೆ ಎಣ್ಣೆ ಇಳಿದಿತ್ತು. ಕಣ್ಣು ಮುಚ್ಚಿಕೊಂಡು, ಅಳು ಏರಿದಲ್ಲೆಲ್ಲ "ವಾಹ್" ಅನ್ನುತ್ತಿದ್ದ.

ಆಗ ಒಂದು ಮಗುವಿನ ದನಿ ಬಂತು. "ಅಪ್ಪ ಯಾಕ ಹಂಗ ಕುಂತಾನ?"

ಆ ಮಗು ಪ್ರಭುಲಿಂಗನೇ. ಗೋಡೆಗೆ ಒರಗಿಸಿದ ಅಪ್ಪನನ್ನು ನೋಡಿ ಅವತ್ತು ಅವನು ಕೇಳಿದ್ದು. ಅದನ್ನೂ ಅವನು ಚೂರುಚೂರು ಮಾಡಿದ್ದ. ಕುಂತಾನ... ತಾನ... ತಾನ... ತಾನ... ಅಂತ ಕುಣಿಯುವ ಹಾಗೆ ಮಾಡಿದ್ದ. ಎರಡು ಹುಡುಗಿಯರು ಎದ್ದು ನಿಂತು ಸೊಂಟ ಆಡಿಸಿದರು. ಅವರನ್ನು ನಾನು ಬೈಯುವುದಿಲ್ಲ, ಅವರಿಗೇನು ಗೊತ್ತು?

ಮುಗಿದ ಮೇಲೆ ಅಲಿಯಾ ಓಡಿಬಂದಳು. "ಅರೇ ಪ್ರಭು, ಸೂಪರ್! ಆ ಅಜ್ಜಿ ವಾಯ್ಸ್ ಇದೆಯಲ್ಲ, ಹೊಟ್ಟೆ ಒಳಗೇ ಹೋಗ್ಬಿಡತ್ತೆ. ಯಾರದು ಅದು?"

ರುದ್ರಾಣಿ ಗಂಡನ ಮುಖ ನೋಡಿದಳು. ಈಗಲಾದರೂ ಹೇಳುತ್ತಾನೆ ಅಂತ ಅವಳ ನಂಬಿಕೆ.

"ಗೊತ್ತಿಲ್ಲ," ಅಂದ ಅವನು. "ಶಿವಾಜಿನಗರದ ಗುಜರೀಲಿ ಸಿಕ್ತು."

ಥೂ. ಹೇಳುತ್ತಿದ್ದರೆ ನನಗೇ ಬಾಯಿ ಕಹಿಯಾಗುತ್ತದೆ. ಹೆತ್ತಪ್ಪನ ಹೆಣದ ಮುಂದಿನ ಅಳು. ಗುಜರಿಯಲ್ಲಿ ಸಿಕ್ಕಿತಂತೆ! ರುದ್ರಾಣಿ ಬಾಯಿಗೆ ಕೈ ಅಡ್ಡ ಹಿಡಿದು ಬಚ್ಚಲಿಗೆ ಓಡಿ, ಹೊಟ್ಟೆಯಲ್ಲಿದ್ದದ್ದನ್ನೆಲ್ಲ ಕಾರಿಕೊಂಡಳು. ಅವತ್ತೇ ಬರುವಾಗ ಬಾವಿಯ ಹತ್ತಿರ ಆ ದನಿ ಕೇಳಿಸಿದ್ದು.

ಆಮೇಲೆ ಮನೆಯಲ್ಲಿ ವಾಸನೆ ಶುರುವಾಯಿತು. ಮೊದಲು ಲೋಬಾನದ್ದು, ಬಾಡಿದ ಚೆಂಡುಹೂವಿನದ್ದು. ಯಾರೋ ಪೂಜೆ ಮಾಡಿರಬೇಕು ಅಂದುಕೊಂಡಳು. ಸ್ವಲ್ಪ ದಿನಕ್ಕೆ ಅದರ ಅಡಿಯಿಂದ ಇನ್ನೊಂದು ವಾಸನೆ ಎದ್ದಿತು. ಯಾವ ವಾಸನೆ ಮುಚ್ಚಲಿ ಅಂತ ಲೋಬಾನ, ಹೂವು ಇಡುತ್ತಾರೋ ಆ ವಾಸನೆ. ಫಿನಾಯಿಲು ಹಾಕಿ ನೆಲ ಒರೆಸಿದಳು. ಹಾಸಿಗೆ ಬಿಸಿಲಿಗೆ ಹಾಕಿದಳು. ಕೊನೆಗೆ ಗೊತ್ತಾಯಿತು, ವಾಸನೆ ಮನೆಯದ್ದಲ್ಲ. ಗಂಡನ ಮೈಯಿಂದ ಬರುತ್ತಿದೆ.

ಸ್ನಾನ ಮಾಡಿ ಬಂದರೂ ಹೋಗುತ್ತಿರಲಿಲ್ಲ. ಅವನಿಗೆ ಅದರ ಪರಿವೆಯೇ ಇಲ್ಲ. ಆ ಅಳುವನ್ನು ದೊಡ್ಡದಾಗಿ ಮಾಡಿಕೊಡು, ಇಂಟರ್ನೆಟ್ಟಿಗೆ ಹಾಕೋಣ ಅಂತ ಅಲಿಯಾ ಹೇಳಿದ್ದಳು. ಆಫೀಸಿನಿಂದ ಬಂದವನೇ ಗೋಡೆಗೆ ಒರಗಿ ಕೂತು, ತಲೆಗೆ ಹೆಡ್‌ಫೋನು ಹಾಕಿಕೊಂಡು ಅದರಲ್ಲೇ ಇರುತ್ತಿದ್ದ. ಬಾವಿಯಲ್ಲಿ ಹಿಡಿದ ಸದ್ದನ್ನೂ ಅದಕ್ಕೆ ಸೇರಿಸಿದ. ಊಟಕ್ಕೆ ಕರೆದರೆ ಹಸಿವಿಲ್ಲ. ನೀರು ತಂದಿಟ್ಟರೆ ಮುಟ್ಟುವುದಿಲ್ಲ.

"ನಿನ್ನಿಯಿಂದ ಒಂದು ಗುಟುಕು ನೀರು ಕುಡಿದಿಲ್ಲ ನೀವು."

"ಬಾಯಾರಿಕಿ ಇಲ್ಲ ರುದ್ರಾ."

"ಕೈ ಯಾಕ ಹಿಂಗ ತಣ್ಣಗಾಗ್ಯಾವ?"

"ಫ್ಯಾನ್ ಐತಲ್ಲ."

ಮಾತಾಡುವಾಗ ಅವನ ತುಟಿಯ ಮೇಲೆ ಒಂದು ನೊಣ ಬಂದು ಕೂತಿತು. ಅಂಚಿನಲ್ಲಿ ಓಡಾಡಿ ಬಾಯಿಯ ಮೂಲೆಗೆ ಹೋಯಿತು. ಅವನು ಕೈ ಬೀಸಲಿಲ್ಲ. ಅದು ಕೂತದ್ದೇ ಅವನಿಗೆ ತಿಳಿದಿರಲಿಲ್ಲ. ಆವತ್ತಿನಿಂದ ಅವಳು ನಡುಮನೆಯಲ್ಲಿ ಬೇರೆ ಮಲಗಿದಳು. ಅವನ ತಟ್ಟೆಯನ್ನು ಬೇರೆ ಸೋಪಿನಲ್ಲಿ ತೊಳೆದಳು. ಗಂಡ ಅಂದರೆ ಅಸಹ್ಯ, ಗಂಡನಿಗೆ ಏನೋ ಆಗುತ್ತಿದೆ ಅಂತ ದಿಗಿಲು, ಎರಡೂ ಒಟ್ಟಿಗೆ. ತವರಿಗೆ ಹೋಗಿಬಿಡಲೇ ಅಂತ ಬಟ್ಟೆ ಜೋಡಿಸಿ ಮತ್ತೆ ಬಿಚ್ಚಿದಳು.

ಒಂದು ಬೆಳಿಗ್ಗೆ ಅವನು ಎಲ್ಲ ಮುಗಿಸಿ ಅಲಿಯಾಳಿಗೆ ಕಳಿಸಿದ. "ಕಳಿಸಿದೆ. ಇನ್ನ ಮುಟ್ಟಂಗಿಲ್ಲ," ಅಂದ. ಅವತ್ತು ಆಫೀಸಿಗೆ ಹೋಗಲಿಲ್ಲ.

ರುದ್ರಾಣಿ ಕೆಲಸ ಮುಗಿಸಿ ಬಂದಾಗ ದೀಪ ಹಚ್ಚುವ ಹೊತ್ತು. ಮೆಟ್ಟಿಲು ಹತ್ತುವಾಗಲೇ ಕೇಳಿಸಿತು. "ಎದ್ದು ಮಾತಾಡೋ ನನ್ನಪ್ಪಾ..." ಹ್ಸ್ಸ್... ಟಿಕ್. ಮುಗಿಸಿದೆ ಅಂದವನು ಮತ್ತೆ ಶುರು ಹಚ್ಚಿಕೊಂಡ ಅಂತ ಸಿಟ್ಟು ಬಂತು. ಬಾಗಿಲು ತಳ್ಳಿ ಸ್ವಿಚ್ಚು ಹಾಕಿದಳು. ಲೈಟು ಹತ್ತಲಿಲ್ಲ. ಅವತ್ತು ರಸ್ತೆಗೆಲ್ಲ ಕರೆಂಟು ಹೋಗಿತ್ತು, ನಾವು ಕೆಳಗೆ ಮೇಣದಬತ್ತಿ ಹುಡುಕುತ್ತಿದ್ದೆವು, ನನಗೆ ಚೆನ್ನಾಗಿ ನೆನಪಿದೆ. ಲ್ಯಾಪ್‌ಟಾಪು ಮುಚ್ಚಿತ್ತು. ಸ್ಪೀಕರಿನ ಪ್ಲಗ್ಗು ನೆಲದ ಮೇಲೆ ಬಿದ್ದಿತ್ತು.

ಅಳು ಮಾತ್ರ ನಿಲ್ಲಲಿಲ್ಲ...

ಮೊಬೈಲಿನ ಬೆಳಕು ಹಿಡಿದಳು. ಪ್ರಭುಲಿಂಗ ಚಕ್ಕಳಮಕ್ಕಳ ಹಾಕಿ ಗೋಡೆಗೆ ಒರಗಿ ಕೂತಿದ್ದ. ತಲೆಯ ಮೇಲೆ ಹೆಡ್‌ಫೋನಿನ ಪಟ್ಟಿ. ಅದರ ವೈರು ಮೇಲಿನ ಕ್ಯಾಲೆಂಡರಿನ ಮೊಳೆಗೆ ಸಿಕ್ಕಿಕೊಂಡು ತಲೆಯನ್ನು ನೆಟ್ಟಗೆ ಎತ್ತಿ ಹಿಡಿದಿತ್ತು. ಕಣ್ಣು ಅರ್ಧ ತೆರೆದಿತ್ತು. ತುಟಿಯ ತುಂಬ ನೊಣ. ಸಿಂಧನೂರಿನ ಮನೆಯಲ್ಲಿ ಮಾವನ ಮಣ್ಣಿನ ದಿನದ ಫೋಟೊ ಗೋಡೆಗಿದೆ. ಮದುವೆಯಾದ ದಿನದಿಂದ ಅವಳು ಅದನ್ನು ನೋಡುತ್ತ ಬಂದಿದ್ದಳು. ಅದೇ ಕೂರುವಿಕೆ. ಅದೇ ಕತ್ತು.

"ರೀ..." ಅಂತ ಭುಜ ಅಲುಗಿಸಿದಳು. ಮೈ ತಣ್ಣಗೆ ಅಂಟಂಟಾಗಿತ್ತು. ಅವಳ ಕೈಗೆ ಆ ಅಂಟು ಹತ್ತಿತು. ಮೂಗಿನ ಹತ್ತಿರ ಬೆರಳು ಹಿಡಿದಳು. ಉಸಿರು ಇದೆಯೋ, ನೊಣದ ರೆಕ್ಕೆಯ ಗಾಳಿಯೋ ತಿಳಿಯಲಿಲ್ಲ. ಬಿಟ್ಟು ಕೆಳಗೆ ಓಡಿಬಿಡಬೇಕು, ಇವನು ಮಾಡಿದ್ದಕ್ಕೆ ಇವನೇ ಅನುಭವಿಸಲಿ ಅನಿಸಿತಂತೆ. ಬಾಗಿಲವರೆಗೂ ಹೋದಳು. ಅಲ್ಲಿ ನಿಂತು ಯೋಚಿಸಿದಳು. ಆಯಿ ಇವನನ್ನು ಎದುರಿಗೆ ಕೂರಿಸಿಕೊಂಡು ಅಳುತ್ತಿದ್ದಾಳೆ. ಅಳು ನಿಲ್ಲುವತನಕ ಇವನು ಏಳುವುದಿಲ್ಲ. ನಿಲ್ಲಿಸಬೇಕಾದವಳು ಮನೆಯ ಸೊಸೆ.

ಅಡುಗೆಮನೆಗೆ ಹೋಗಿ ತಂಬಿಗೆಯಲ್ಲಿ ನೀರು ತಂದಳು. ಸ್ಪೀಕರುಗಳ ಮುಂದೆ, ದನಿ ಬರುತ್ತಿದ್ದ ಕಡೆ ಕೂತಳು. ಕಣ್ಣಿಗೆ ಅಲ್ಲಿ ಏನೂ ಇಲ್ಲ. ಬರೀ ನೆಲ. ಮೂಗಿಗೆ ಮಾತ್ರ ಬಾವಿಯ ನಾತ. ಕೈ ಚಾಚಿದಳು.

ಬೆನ್ನು ಸಿಕ್ಕಿತು.

ಬಾಗಿದ ಬೆನ್ನು. ಒದ್ದೆ ಕುಪ್ಪಸ. ಬಟ್ಟೆಯ ಕೆಳಗೆ ಒಂದೊಂದು ಮೂಳೆಯೂ ಗಂಟುಗಂಟಾಗಿ ಕೈಗೆ ಹತ್ತಿತು. ಅಳುವಿಗೆ ಸರಿಯಾಗಿ ಆ ಬೆನ್ನು ಮೇಲೆ ಕೆಳಗೆ ಆಗುತ್ತಿತ್ತು. ಕೈ ಹಿಂದಕ್ಕೆ ಎಳೆಯಬೇಕು ಅನಿಸಿದರೂ ಎಳೆಯಲಿಲ್ಲ.

"ಸಾಕು ಮಾಡ್ರಿ ಆಯಿ," ಅಂದಳು.

ಹ್ಸ್ಸ್... ಟಿಕ್. "ಎದ್ದು ಮಾತಾಡೋ ನನ್ನಪ್ಪಾ..." ಮತ್ತೆ ಮೊದಲಿನಿಂದ.

ಎಷ್ಟು ಹೇಳಿದರೂ ಅಷ್ಟೇ. ಟಿಕ್ ಅಂದ ಕೂಡಲೇ ಆ ಮುದುಕಿ ಹಿಂದಕ್ಕೆ ಹೋಗಿಬಿಡುತ್ತಿದ್ದಳು, ಕೇಳಿದ್ದೆಲ್ಲ ಮರೆತವಳ ಹಾಗೆ. ಆಗ ರುದ್ರಾಣಿಗೆ ಹೊಳೆಯಿತು. ಗಂಡ ಕತ್ತರಿ ಹಾಕಿದ್ದು ಉಸಿರಿನ ಮೇಲೆ. ಅತ್ತೆಯ ಮಾತು ಇದ್ದದ್ದು ಅಲ್ಲೇ, ಉಸಿರು ಎಳೆದುಕೊಂಡ ಮರುಕ್ಷಣ. ತಾನೂ ಅಲ್ಲೇ ಹೇಳಬೇಕು, ಟಿಕ್‌ಗಿಂತ ಮೊದಲು. ತಂಬಿಗೆಯನ್ನು ಕತ್ತಲೆಯಲ್ಲಿ ಎತ್ತಿ ಹಿಡಿದು ಕಾದಳು.

"...ನನ್ನಪ್ಪಾ..." ಹ್ಸ್ಸ್...

"ಸಾಕು ಮಾಡ್ರಿ ಆಯಿ, ನೀರು ಕುಡೀರಿ."

ಟಿಕ್ ಅನ್ನಲಿಲ್ಲ.

ತಂಬಿಗೆ ಕೈಯಲ್ಲಿ ವಾಲಿತು. ಗುಟುಕ್... ಗುಟುಕ್... ಗುಟುಕ್... ಬಹಳ ಕಾಲದ ಬಾಯಾರಿಕೆ. ಕುಡಿದದ್ದರಲ್ಲಿ ಅರ್ಧ ಹೊರಗೆ ಸುರಿದು ರುದ್ರಾಣಿಯ ಮಣಿಕಟ್ಟಿನ ಮೇಲೆ ಬೆಚ್ಚಗೆ ಹರಿಯಿತು. ಇನ್ನು ಮುಖ ಒರೆಸುವುದು ಉಳಿದಿತ್ತು. ಅದನ್ನು ಹೇಳುವಾಗ ಅವಳು ನಮ್ಮ ಮನೆಯಲ್ಲಿ ಎರಡು ಸಲ ಎದ್ದು ಹೋಗಿ ಉಗುಳಿ ಬಂದಳು. ದುಪಟ್ಟಾದ ತುದಿ ಹಿಡಿದು ಕೈ ಮುಂದೆ ತಂದಾಗ ಹಲ್ಲಿಲ್ಲದ ಬಾಯಿ ಸಿಕ್ಕಿತಂತೆ. ಜೋಲು ಕೆನ್ನೆ. ಸುರಿಯುವ ಮೂಗು. ಅಲ್ಲಿಗೇ ಬಿಟ್ಟರೆ ಏನಾಗುತ್ತದೋ ಅಂತ ಎಲ್ಲವನ್ನೂ ಒರೆಸಿದಳು. ಒರೆಸುತ್ತಿದ್ದ ಹಾಗೆಯೇ ಕೈಯಡಿಯಲ್ಲಿ ಏನೂ ಇಲ್ಲದಂತಾಯಿತು.

ಕರೆಂಟು ಬಂತು. ಮೊಳೆಯಿಂದ ವೈರು ಕಳಚಿ ಪ್ರಭುಲಿಂಗ ಪಕ್ಕಕ್ಕೆ ಉರುಳಿದ. ಕೆಮ್ಮಿದ. "ನೀರು," ಅಂದ. ಬಿಂದಿಗೆ ಎತ್ತಿ ಕುಡಿದ. ಕುಡಿದು ಮುಗಿಸಿ ಗೋಡೆಯ ಕಡೆ ಮುಖ ಮಾಡಿ ಅತ್ತ. ಅಪ್ಪ ಸತ್ತಾಗ ಅವನು ಅತ್ತಿರಲಿಲ್ಲವಂತೆ, ಆಗ ಸಾವು ತಿಳಿಯುವ ವಯಸ್ಸೇ ಅಲ್ಲ. ರುದ್ರಾಣಿಗೆ ಕನಿಕರ ಬರಬೇಕಿತ್ತು. ಬರಲಿಲ್ಲ. ದುಪಟ್ಟಾದಲ್ಲಿ ದಪ್ಪನೆಯ ಲೋಳೆ ಹತ್ತಿತ್ತು. ಅದನ್ನು ತಾರಸಿಗೆ ಒಯ್ದು ಸುಟ್ಟಳು. ಆ ಹೊಗೆಯ ನಾತಕ್ಕೆ ನಾವು ಕಿಟಕಿ ಹಾಕಿಕೊಂಡೆವು. ಅದಕ್ಕೆ ನಾನೇ ಸಾಕ್ಷಿ.

ಮರುದಿನ ಅವನು ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿದ. ವಾಸನೆ ಹೋಯಿತು. ನೊಣ ಹೋದವು. ಅಲಿಯಾಳಿಗೆ ಫೋನು ಮಾಡಿ, ಅದು ನಮ್ಮ ಅಜ್ಜಿಯ ಅಳು, ನಾನು ಅವತ್ತು ಸುಳ್ಳು ಹೇಳಿದೆ, ಅದನ್ನು ಎಲ್ಲೂ ಹಾಕಬೇಡ ಅಂತ ಬೇಡಿಕೊಂಡ. ನಮ್ಮ ಮನೆಯಾಕೆ ರುದ್ರಾಣಿಗೆ ಗಂಜಿ ಕೊಡಲು ಹೋಗಿ ಅಲ್ಲೇ ಇದ್ದಳು. ಫೋನು ಸ್ಪೀಕರಿನಲ್ಲಿತ್ತು.

"ಅಯ್ಯೋ ಸಾರಿ ಪ್ರಭು, ಹಾಕಲ್ಲ ಬಿಡು," ಅಂದಳು ಅಲಿಯಾ. "ಆದ್ರೆ ಕೊನೇಲಿ ನಿನ್ ಹೆಂಡ್ತಿ ವಾಯ್ಸ್ ಹಾಕಿದೀಯಲ್ಲ, ಅದು ತುಂಬಾ ಚೆನ್ನಾಗಿ ಬಂದಿದೆ."

"ಯಾವ ವಾಯ್ಸ್?"

"ಅದೇ, ನೀರು ಕುಡೀರಿ ಅಂತಾರಲ್ಲ."

ಅವನು ಅದನ್ನು ಕಳಿಸಿದ್ದು ಬೆಳಿಗ್ಗೆ. ರುದ್ರಾಣಿ ಆ ಮಾತು ಹೇಳಿದ್ದು ಸಂಜೆ.

"ನಾನೇನೂ ಮುಟ್ಟಿಲ್ಲಪ್ಪ, ನೀನು ಕಳಿಸಿದ ಹಾಗೇ ಇದೆ. ಕೇಳು ಬೇಕಾದ್ರೆ," ಅಂತ ಅಲಿಯಾ ಕೊನೆಯ ತುಣುಕನ್ನು ಹಾಕಿದಳು.

ಹ್ಸ್ಸ್... "ಸಾಕು ಮಾಡ್ರಿ ಆಯಿ, ನೀರು ಕುಡೀರಿ." ಗುಟುಕ್... ಗುಟುಕ್... ಗುಟುಕ್... ಮೂಗು ಸೀಟಿದ ಸದ್ದು. ಆಮೇಲೆ ಅದೇ ಮುದುಕಿಯ ದನಿ, ಅಳುವಿಲ್ಲದೆ, ಮನೆಯ ಮಾತು ಆಡುವಷ್ಟು ಸಲೀಸಾಗಿ ಕೇಳಿತು.

"ಎಷ್ಟೊತ್ತಿಗಿ ಮಣ್ಣು?"

ಅಷ್ಟೇ. ಅಲ್ಲಿಗೆ ಮುಗಿಯಿತು. ಅಲಿಯಾ ಅದನ್ನು ಅಳಿಸಿದೆ ಅಂದಿದ್ದಾಳೆ. ಮುದುಕಿಯ ಮಾತಿಗೆ ಯಾರೂ ಉತ್ತರ ಕೊಟ್ಟಿಲ್ಲ. ನಮ್ಮ ಮನೆಯಾಕೆ ಒಳಗೇ ಇದ್ದಾಳೆ, ಕರೆಯುತ್ತೇನೆ, ಅವಳನ್ನೇ ಕೇಳಿ. ಅವಳು ತನ್ನ ಕಿವಿಯಾರೆ ಕೇಳಿದವಳು. ಪ್ರಭುಲಿಂಗ ಆರಾಮಾಗಿದ್ದಾನೆ, ದಿನಾ ಆಫೀಸಿಗೆ ಹೋಗುತ್ತಾನೆ. ನಾಳೆ ಅವರ ಊಟದ ಹೊತ್ತಿಗೆ ಹೋಗಿ ಬಾಗಿಲು ತಟ್ಟಿ, ನೀವೇ ನೋಡಿ. ತಟ್ಟೆ ಕೈಯಲ್ಲಿ ಹಿಡಿದು, ಗೋಡೆಯಿಂದ ದೂರ, ನಿಂತುಕೊಂಡೇ ಉಣ್ಣುತ್ತಿರುತ್ತಾನೆ.